ಹುಲಿ ಸಿಗುತ್ತಾ?

ಬಂಡೀಪುರಕ್ಕೋ ನಾಗರಹೊಳೆಗೋ ಹೊರಟವರು ಕೇಳುವ ಪ್ರಶ್ನೆಗಳಿಗೆ ಒಮ್ಮೆ ಕಿವಿಗೊಡಬೇಕು. ಯಾವ ತಿಂಗಳು ಹೋದರೆ ಒಳ್ಳೆಯದು? ಬೆಳಗಿನ ಸಫಾರಿ ವಾಸಿಯೋ, ಸಂಜೆಯದೋ? ಜೀಪೋ, ಬಸ್ಸೋ? ಚಿಕ್ಕ ಮಕ್ಕಳನ್ನು ಬಿಡುತ್ತಾರೆಯೇ? ಇವೆಲ್ಲ ಸುತ್ತಿ ಬಳಸಿ ಕೊನೆಗೆ ಬಂದು ನಿಲ್ಲುವುದು ಒಂದೇ ಕಡೆ. ಹುಲಿ ಸಿಗುತ್ತಾ? ಕಾಣುತ್ತಾ ಎನ್ನುವುದಿಲ್ಲ, ಸಿಗುತ್ತಾ ಎನ್ನುತ್ತೇವೆ. ಸಂತೆಯಲ್ಲಿ ಒಳ್ಳೆಯ ಮಾವಿನಹಣ್ಣು ಸಿಗುತ್ತಾ ಎಂದು ಕೇಳುವ ಹಾಗೆ.

ಕೇಳಿದರೆ ತಪ್ಪೇನು ಎಂದು ಯಾರಾದರೂ ಅಂದಾರು. ವರ್ಷಕ್ಕೊಂದು ರಜೆ, ನಾಲ್ಕು ಮನೆಯವರು ಸೇರಿ ಮಾಡಿದ ಬಾಡಿಗೆ ಗಾಡಿ, ರಾತ್ರಿಯಿಡೀ ನಿದ್ದೆಗೆಟ್ಟು ಬಂದ ಮಕ್ಕಳು. ಕೊಟ್ಟ ದುಡ್ಡಿಗೆ ಹುಲಿಯ ಬಾಲವಾದರೂ ಕಾಣಲಿ ಎಂಬ ಆಸೆ ಯಾರಿಗಿಲ್ಲ? ಅದನ್ನು ಪಾಪವೆಂದು ಹೇಳುವಷ್ಟು ಶುದ್ಧರು ನಾವಲ್ಲ. ಆದರೆ ಪ್ರಶ್ನೆ ಕೇಳಿದ ಜಾಗದಲ್ಲೇ ಉಳಿಯುವುದಿಲ್ಲ. ಕೌಂಟರಿನಲ್ಲಿ ಕೇಳಿದ್ದು ಡ್ರೈವರನ ಕಿವಿಗೆ ಬಿದ್ದು, ಅಲ್ಲಿಂದ ಅವನ ಪಾದಕ್ಕೆ ಇಳಿಯುತ್ತದೆ. ಹುಲಿ ಕಂಡ ದಿನ ಬಕ್ಷೀಸು, ಕಾಣದ ದಿನ ಗೊಣಗಾಟ. ಇದನ್ನು ದಿನವೂ ಅನುಭವಿಸುವ ಮನುಷ್ಯ, ಇನ್ನೊಂದು ಜೀಪಿನವನು ಕೈಸನ್ನೆ ಮಾಡಿದೊಡನೆ ಧೂಳೆಬ್ಬಿಸಿಕೊಂಡು ಓಡದೆ ಏನು ಮಾಡಿಯಾನು? ಅವನನ್ನು ಬೈಯುವುದು ಸುಲಭ. ಆ ವೇಗ ನಮ್ಮದು.

ಸಫಾರಿ ಎಂಬ ಮಾತೇ ವಿಚಿತ್ರ. ಅರಬ್ಬಿಯ ಸಫರ್ ಆಫ್ರಿಕದ ಸ್ವಾಹಿಲಿಗೆ ಹೋಗಿ, ಅಲ್ಲಿಂದ ಇಂಗ್ಲಿಷಿಗೆ ಬಂದು ಸಫಾರಿ ಆಯಿತು. ಉರ್ದುವಿನಲ್ಲಿ ಸಫರ್ ಎಂದರೆ ಬರಿಯ ಪ್ರಯಾಣ, ಮುಸಾಫಿರ್ ಎಂದರೆ ದಾರಿಹೋಕ. ಇಂಗ್ಲಿಷಿಗೆ ಹೋಗುವಷ್ಟರಲ್ಲಿ ಈ ದಾರಿಹೋಕನ ಹೆಗಲಿಗೆ ಬಂದೂಕು ಬಂದಿತ್ತು. ಈಗ ಬಂದೂಕು ಹೋಗಿ ಉದ್ದ ಮೂತಿಯ ಕ್ಯಾಮೆರಾ ಬಂದಿದೆ. ಬಂಡೀಪುರವೂ ಮೈಸೂರು ಅರಸರ ಶಿಕಾರಿಯ ಕಾಡೇ. 1973ರಲ್ಲಿ ಹುಲಿ ಯೋಜನೆ ಶುರುವಾದಾಗ ದೇಶದ ಮೊದಲ ಒಂಬತ್ತು ಹುಲಿ ಸಂರಕ್ಷಿತ ಪ್ರದೇಶಗಳಲ್ಲಿ ಅದೂ ಒಂದಾಯಿತು. ಕೊಲ್ಲುವುದು ನಿಂತದ್ದು ಸಣ್ಣ ಸಂಗತಿಯಲ್ಲ. ಆದರೆ ಶಿಕಾರಿಯ ಮನಸ್ಸು ಬಂದೂಕಿನ ಜೊತೆಗೇ ಹೋಯಿತೇ?

ಯಾವ ತಿಂಗಳು ಒಳ್ಳೆಯದು ಎಂಬ ಪ್ರಶ್ನೆಯನ್ನೇ ನೋಡೋಣ. ಬಲ್ಲವರು ಮಾರ್ಚಿನಿಂದ ಮೇ ಎನ್ನುತ್ತಾರೆ. ಉತ್ತರ ಸರಿಯಾಗಿಯೇ ಇದೆ. ಇದು ಎಲೆಯುದುರುವ ಕಾಡು. ಬೇಸಿಗೆ ಬಂದಂತೆ ಮರಗಳು ಬೋಳಾಗುತ್ತವೆ, ಹುಲ್ಲು ಒಣಗುತ್ತದೆ, ಪೊದೆ ತೆಳುವಾಗಿ ಕಣ್ಣು ದೂರಕ್ಕೆ ಹಾಯುತ್ತದೆ. ಕೆರೆಕಟ್ಟೆಗಳು ಒಂದೊಂದಾಗಿ ಬತ್ತುತ್ತವೆ. ಉಳಿದ ನಾಲ್ಕು ಹೊಂಡಗಳಿಗೆ ಜಿಂಕೆ, ಕಾಟಿ, ಆನೆ, ಅವುಗಳ ಹಿಂದೆ ಹುಲಿ, ಎಲ್ಲವೂ ಬರಲೇಬೇಕು. ಕಬಿನಿ ಹಿನ್ನೀರು ಇಳಿದು ದಡದಲ್ಲಿ ಎಳೆಹುಲ್ಲು ಚಿಗುರಿದಾಗ ಆನೆಗಳು ಹಿಂಡುಹಿಂಡಾಗಿ ಅಲ್ಲಿ ನೆರೆಯುತ್ತವೆ. ಅಂದರೆ ನಮಗೆ ಒಳ್ಳೆಯ ತಿಂಗಳು ಅವಕ್ಕೆ ಬಾಯಾರಿದ ತಿಂಗಳು. ಮಳೆ ಬಿದ್ದು ಎಲ್ಲೆಲ್ಲೂ ನೀರು ಮೇವು ಆಗಿ, ಪ್ರಾಣಿಗಳು ಹೊಟ್ಟೆ ತುಂಬಿ ಕಾಡಿನಾಳಕ್ಕೆ ಚದುರಿದಾಗ ನಾವು ಅದಕ್ಕೆ ಆಫ್ ಸೀಸನ್ ಎಂದು ಹೆಸರಿಟ್ಟಿದ್ದೇವೆ.

ಬಾಯಾರಿಕೆಯನ್ನು ಪ್ರವಾಸಿ ತಂದದ್ದಲ್ಲ, ನಿಜ. ಆದರೆ ತಾನು ನೋಡುತ್ತಿರುವುದು ಏನು ಎಂದು ಅವನಿಗೆ ಗೊತ್ತಿರಬೇಡವೇ? ಹೊಂಡದ ಬದಿಯಲ್ಲಿ ಐದಾರು ಜೀಪು ಸಾಲಾಗಿ ನಿಂತರೆ, ನೀರಿಗೆ ಬಂದ ಹೆಣ್ಣಾನೆ ಮರಿಯನ್ನು ಕಾಲ ಸಂದಿಗೆ ತಂದುಕೊಂಡು ನಿಂತುಬಿಡುತ್ತದೆ. ಆ ಹತ್ತು ನಿಮಿಷ ನಮಗೆ ದೃಶ್ಯ. ಅದಕ್ಕೆ ನೀರು ತಡವಾದ ಹತ್ತು ನಿಮಿಷ. ನಮ್ಮ ಮನೆಗಳಲ್ಲಿ ಊಟಕ್ಕೆ ಕೂತವರ ಎದುರು ನಿಂತು ತುತ್ತು ಎಣಿಸುವವನನ್ನು ಹಿರಿಯರು ಗದರಿಸಿ ಆಚೆ ಕಳಿಸುತ್ತಾರೆ.

ಗಿಡಮರಗಳ ಬಗ್ಗೆ ಕೇಳುವವರು ಕಡಿಮೆ. ಮೊಸಳೆ ಚರ್ಮದಂಥ ತೊಗಟೆಯ ಮತ್ತಿ, ಎಲೆಯಿಲ್ಲದ ಕೊಂಬೆಗೆ ಬೆಂಕಿ ಹತ್ತಿದಂತೆ ಹೂಬಿಡುವ ಮುತ್ತುಗ, ಇವೆಲ್ಲ ಹುಲಿಯ ಹಿಂದಿನ ಪರದೆಯಾಗಿಬಿಟ್ಟಿವೆ. ಒಂದು ಗಿಡಕ್ಕೆ ಮಾತ್ರ ಮೆಚ್ಚುಗೆ ಸಿಗುತ್ತದೆ. ಹಳದಿ, ಕೆಂಪು, ಗುಲಾಬಿ ಬಣ್ಣದ ಸಣ್ಣ ಹೂಗೊಂಚಲಿನ ಪೊದೆ. ಅದರ ಹೆಸರು ಲಂಟಾನ. ಅಮೆರಿಕ ಖಂಡದ ಈ ಗಿಡವನ್ನು ಬ್ರಿಟಿಷರು ತೋಟದ ಅಲಂಕಾರಕ್ಕೆಂದು ತಂದರು. ಅದು ತೋಟದ ಬೇಲಿ ದಾಟಿ ಕಾಡಿನ ನೆಲವನ್ನೇ ನುಂಗಿತು. ಲಂಟಾನದ ಅಡಿಯಲ್ಲಿ ಹುಲ್ಲು ಬೆಳೆಯದು. ಹುಲ್ಲಿಲ್ಲದೆ ಜಿಂಕೆಯಿಲ್ಲ, ಜಿಂಕೆಯಿಲ್ಲದೆ ಹುಲಿಯಿಲ್ಲ. ಹುಲಿ ಸಿಗುತ್ತಾ ಎಂದು ಕೇಳಿದವನಿಗೆ ಉತ್ತರ ಅವನು ಫೋಟೋ ತೆಗೆಯುತ್ತಿರುವ ಹೂವಿನಲ್ಲೂ ಇದೆ. ಕೇಳಿದರೆ ಜೀಪಿನಲ್ಲಿರುವ ಗಾರ್ಡ್ ಹೇಳಿಯಾನು. ಕೇಳಬೇಕಷ್ಟೆ.

ಇನ್ನೊಂದು ಪ್ರಶ್ನೆಯನ್ನಂತೂ ಯಾರೂ ಕೇಳುವುದಿಲ್ಲ. ಇಲ್ಲಿ ಮೊದಲು ಯಾರಿದ್ದರು? ನಾಗರಹೊಳೆಯಲ್ಲಿ ಜೇನುಕುರುಬರು, ಬೆಟ್ಟಕುರುಬರು, ಯರವರು ಇದ್ದರು. ಈಗಲೂ ಕೆಲವು ಹಾಡಿಗಳಿವೆ. ವನ್ಯಜೀವಿಗಳಿಗೆ ತೊಂದರೆಯಾಗುತ್ತದೆ ಎಂದು ಅವರಲ್ಲಿ ಬಹಳಷ್ಟು ಜನರನ್ನು ಕಾಡಿನಿಂದ ಹೊರಕ್ಕೆ ತರಲಾಯಿತು. ಅದೇ ಕಾಡಿನೊಳಗೆ ಐಷಾರಾಮಿ ಹೋಟೆಲೊಂದು ಏಳುವುದಿತ್ತು. ಆದಿವಾಸಿಗಳು ಬೀದಿಗಿಳಿದರು, ಕೋರ್ಟಿಗೆ ಹೋದರು. 1997ರಲ್ಲಿ ಹೈಕೋರ್ಟು ಆ ಗುತ್ತಿಗೆ ಕಾನೂನುಬಾಹಿರ ಎಂದಿತು. ಒಲೆ ಹೊತ್ತಿಸಿ ಗಂಜಿ ಕಾಯಿಸುವವನಿಂದ ಕಾಡಿಗೆ ತೊಂದರೆ, ಹವಾನಿಯಂತ್ರಿತ ಕೋಣೆಯಲ್ಲಿ ಮಲಗುವವನಿಂದ ತೊಂದರೆಯಿಲ್ಲ ಎಂಬ ಲೆಕ್ಕ ನಮಗೆ ಈವರೆಗೂ ಅರ್ಥವಾಗಿಲ್ಲ. ಅಂದು ಹೊರಬಂದವರ ಮಕ್ಕಳಲ್ಲಿ ಕೆಲವರು ಕೊಡಗಿನ ಕಾಫಿ ತೋಟಗಳಲ್ಲಿ ಕೂಲಿ ಮಾಡುತ್ತಿದ್ದಾರೆ. ಅವರಿಗೆ ಆ ಕಾಡು ನೋಡಲು ಟಿಕೆಟ್ ಬೇಕು.

ಹಾಗಾದರೆ ಕಾಡಿಗೆ ಯಾರೂ ಹೋಗಲೇಬಾರದೇ? ಹಾಗೆನ್ನಲಾರೆವು. ನೋಡದ ಕಾಡಿನ ಪರವಾಗಿ ಊರಿನ ಜನ ಮಾತನಾಡುವುದಿಲ್ಲ. ಬಂಡೀಪುರದ ಹೆದ್ದಾರಿಗಳಲ್ಲಿ 2009ರಿಂದ ರಾತ್ರಿ ಸಂಚಾರ ನಿಷೇಧವಾಯಿತು. ಅದನ್ನು ತೆಗೆಯಬೇಕೆಂಬ ಒತ್ತಡ ಬಂದಾಗಲೆಲ್ಲ ಬೇಡವೆಂದವರಲ್ಲಿ, ಎಂದೋ ಒಂದು ಸಂಜೆ ಅಲ್ಲಿ ಆನೆ ಕಂಡವರೂ ಇದ್ದರು. 2012ರಲ್ಲಿ ಸುಪ್ರೀಂ ಕೋರ್ಟು ಹುಲಿ ಪ್ರದೇಶಗಳ ಒಳಭಾಗದಲ್ಲಿ ಪ್ರವಾಸೋದ್ಯಮವನ್ನು ಕೆಲವು ತಿಂಗಳು ನಿಲ್ಲಿಸಿ, ಮಾರ್ಗಸೂಚಿ ಬಂದ ಮೇಲೆ ಮತ್ತೆ ಬಿಟ್ಟಿತು. ಒಳಭಾಗದ ಶೇಕಡಾ 20ಕ್ಕಿಂತ ಹೆಚ್ಚು ಜಾಗ ಪ್ರವಾಸಿಗರಿಗೆ ತೆರೆದಿರಬಾರದು ಎಂದು ಆ ಮಾರ್ಗಸೂಚಿ ಹೇಳುತ್ತದೆ. ಮಿಕ್ಕದ್ದು ನಮ್ಮ ಕಣ್ಣಿಗಲ್ಲ. ಈ ಏರ್ಪಾಡು ನಮಗೆ ಒಪ್ಪಿಗೆ.

ಆದರೆ ಅರಣ್ಯ ಕಚೇರಿಯ ಬಾಗಿಲಿಗೆ ಬರುವ ಪ್ರಶ್ನೆ ಪ್ರವಾಸಿಯದು ಮಾತ್ರವಲ್ಲ. 2022ರ ಗಣತಿಯಲ್ಲಿ ಬಂಡೀಪುರದಲ್ಲಿ 150, ನಾಗರಹೊಳೆಯಲ್ಲಿ 141 ಹುಲಿಗಳ ಅಂದಾಜು ಸಿಕ್ಕಿತು. ನಾವೆಲ್ಲ ಸಂತೋಷಪಟ್ಟೆವು. ವಯಸ್ಸಿಗೆ ಬಂದ ಹುಲಿ ತನ್ನದೇ ಜಾಗ ಹುಡುಕಬೇಕು, ಮುದಿಯಾದದ್ದು ಜಾಗ ಬಿಟ್ಟುಕೊಡಬೇಕು. ಅವು ಅಂಚಿನ ಹೊಲಕ್ಕೆ ಬರುತ್ತವೆ. 2025ರ ಅಕ್ಟೋಬರ್, ನವೆಂಬರಿನಲ್ಲಿ ಮೈಸೂರು ಜಿಲ್ಲೆಯ ಸರಗೂರು ಭಾಗದಲ್ಲಿ ರೈತರು ಹುಲಿ ದಾಳಿಗೆ ಬಲಿಯಾದರು. ನವೆಂಬರ್ 7ರಂದು ಸರ್ಕಾರ ಎರಡೂ ಕಾಡುಗಳಲ್ಲಿ ಸಫಾರಿ ನಿಲ್ಲಿಸಿ, ಆ ಸಿಬ್ಬಂದಿಯನ್ನು ಹುಲಿ ಹಿಡಿಯುವ ಕೆಲಸಕ್ಕೆ ಕಳಿಸಲು ಹೇಳಿತು.

ಸಫಾರಿಯ ಕಾಟಕ್ಕೇ ಹುಲಿ ಹೊರಗೆ ಬಂತು ಎಂದು ಊರಿನವರಲ್ಲಿ ಅನೇಕರ ಮಾತು. ಅದು ಸಾಬೀತಾಗದ ಮಾತು, ನಾವು ಅದನ್ನು ಎತ್ತಿ ಹಿಡಿಯುವುದಿಲ್ಲ. ಆದರೆ ಆ ಸಿಟ್ಟಿನೊಳಗಿದ್ದ ಇನ್ನೊಂದು ಮಾತು ಸುಳ್ಳಲ್ಲ: ಜೀಪಿಗೆ, ಡ್ರೈವರಿಗೆ, ಗಾರ್ಡಿಗೆ ಪ್ರವಾಸಿಯ ಹೊತ್ತು ಗೊತ್ತಿತ್ತು, ಹೊಲದವನ ಹೊತ್ತು ಗೊತ್ತಿರಲಿಲ್ಲ. ಆ ದಿನಗಳಲ್ಲಿ ನಗರದವರು, ಸಫಾರಿ ಯಾವಾಗ ಶುರುವಾಗುತ್ತದೆ, ಮುಂಗಡ ಕಟ್ಟಿದ ಹಣ ವಾಪಸ್ ಬರುತ್ತದೆಯೇ ಎಂದು ಕೇಳುತ್ತಿದ್ದರು. ಕಾಡಂಚಿನ ಹೆಂಗಸು, ಹತ್ತಿ ಬಿಡಿಸಲು ಇವತ್ತು ಹೊಲಕ್ಕೆ ಹೋಗಬಹುದೇ ಎಂದು ಕೇಳುತ್ತಿದ್ದಳು. ಎರಡೂ ಹುಲಿ ಎಲ್ಲಿದೆ ಎಂಬ ಪ್ರಶ್ನೆಯೇ. ಎರಡಕ್ಕೂ ಉತ್ತರಿಸಬೇಕಾದ ಜೀಪು ಒಂದೇ, ಗಾರ್ಡ್ ಒಬ್ಬನೇ. ಅವನು ಮೊದಲು ಅವಳ ಹೊಲದ ಕಡೆ ಹೋಗಲಿ. ಆ ಬೆಳಗ್ಗೆ ನಮ್ಮ ಸಫಾರಿ ರದ್ದಾದರೆ, ಮೈಸೂರಿಗೆ ಹೋಗಿ ಮಕ್ಕಳಿಗೆ ಅರಮನೆ ತೋರಿಸಿ ಬರಬಹುದು.