ಮಾವುತನ ಮಗನಿಗೆ ಸಿಕ್ಕ ವೇಷ

ಹಂಪಿ ನೋಡಲು ಬಂದ ನೆಂಟರಿಗೆ ನಾವು ತಪ್ಪದೆ ಗಜಶಾಲೆಯನ್ನು ತೋರಿಸುತ್ತೇವೆ. ಹನ್ನೊಂದು ಕೋಣೆಗಳು, ಮೇಲೆ ಗುಮ್ಮಟಗಳು ಎಂದು ಎಣಿಸಿ ಹೇಳುತ್ತೇವೆ. ಅಲ್ಲಿ ಆನೆ ಕಟ್ಟಿದ ಮಾವುತರು ಯಾರೆಂದು ಯಾರೂ ಕೇಳುವುದಿಲ್ಲ. ಚರಿತ್ರೆಗೆ ಅಂಬಾರಿಯಲ್ಲಿ ಕುಳಿತವರ ನೆನಪಿರುತ್ತದೆ, ಆನೆಯ ಕುತ್ತಿಗೆಯ ಮೇಲೆ ಕುಳಿತವರದಲ್ಲ. ಆದರೂ ಕನ್ನಡ ನಾಡಿನ ಒಬ್ಬ ಮಾವುತನ ಮಗನ ಹೆಸರು ಹಾಲಿವುಡ್‌ವರೆಗೆ ಹೋಯಿತು. ಅವನ ಹೆಸರು ಸಾಬು.

ಸಾಬು ಹುಟ್ಟಿದ್ದು 1924ರಲ್ಲಿ, ಮೈಸೂರು ಸಂಸ್ಥಾನದ ಕಾರಾಪುರದಲ್ಲಿ. ತಂದೆ ಮಹಾರಾಜರ ಆನೆಗಳ ಮಾವುತ. ಮುಸ್ಲಿಮ್ ಮನೆತನ, ಬಡತನ. ಚಿಕ್ಕ ವಯಸ್ಸಿನಲ್ಲೇ ತಂದೆ ತೀರಿಕೊಂಡರು. ಕಿಪ್ಲಿಂಗನ ಕಥೆಯನ್ನು ಚಿತ್ರ ಮಾಡಲು ಮೈಸೂರಿಗೆ ಬಂದ ರಾಬರ್ಟ್ ಫ್ಲಾಹರ್ಟಿಯ ತಂಡದ ಕಣ್ಣಿಗೆ ಈ ಹುಡುಗ ಬಿದ್ದ. 1937ರಲ್ಲಿ 'ಎಲಿಫೆಂಟ್ ಬಾಯ್' ತೆರೆಕಂಡಾಗ ಲಂಡನ್, ನ್ಯೂಯಾರ್ಕ್‌ಗಳಲ್ಲಿ ಅವನ ಹೆಸರು ಮನೆಮಾತಾಯಿತು. ನಂತರ 'ದಿ ಡ್ರಮ್', 'ದಿ ಥೀಫ್ ಆಫ್ ಬಗ್ದಾದ್', 1942ರಲ್ಲಿ 'ಜಂಗಲ್ ಬುಕ್' ಚಿತ್ರದ ಮೋಗ್ಲಿ. ಭಾರತದಿಂದ ಹೋಗಿ ಹಾಲಿವುಡ್ ತಾರೆಯಾದವರಲ್ಲಿ ಮೊದಲಿಗನೆಂದು ಇಂದಿಗೂ ಅವನನ್ನೇ ಹೆಸರಿಸುತ್ತಾರೆ.

ಇಷ್ಟು ಹೇಳಿ ಹೆಮ್ಮೆಪಟ್ಟು ಸುಮ್ಮನಾಗಬಹುದು. ಆದರೆ ಒಂದು ಪ್ರಶ್ನೆ ಉಳಿಯುತ್ತದೆ. ಜಗತ್ತು ಅವನನ್ನು ಮೆಚ್ಚಿತು, ನಿಜ. ಅವನನ್ನು ಗೌರವಿಸಿತೇ? ಮೆಚ್ಚುವುದೂ ಗೌರವಿಸುವುದೂ ಒಂದೇ ಏನು?

'ದಿ ಥೀಫ್ ಆಫ್ ಬಗ್ದಾದ್' ನೋಡಿ. ಕಥೆ ನಡೆಯುವುದು ಪೂರ್ವದ ನಾಡಿನಲ್ಲಿ. ಅಲ್ಲಿನ ರಾಜಕುಮಾರ ಇಂಗ್ಲಿಷ್ ನಟ, ದುಷ್ಟ ವಜೀರ ಜರ್ಮನ್ ನಟ. ಪೂರ್ವದಿಂದ ಬಂದ ಸಾಬುವಿಗೆ ಸಿಕ್ಕಿದ್ದು ಕಳ್ಳ ಹುಡುಗನ ಪಾತ್ರ. ಚಿತ್ರದ ಜೀವವೇ ಅವನು ಎಂಬುದು ಬೇರೆ ಮಾತು. 1947ರ 'ಬ್ಲ್ಯಾಕ್ ನಾರ್ಸಿಸಸ್'ನಲ್ಲಿ ಅವನಿಗೆ ಶ್ರೀಮಂತ ಉಡುಗೆ ದೊರೆಯಿತು. ಆದರೆ ಅವನೆದುರಿನ ಭಾರತೀಯ ಹುಡುಗಿಯಾದವಳು ಮೈಗೆ ಬಣ್ಣ ಬಳಿದುಕೊಂಡ ಇಂಗ್ಲಿಷ್ ನಟಿ. ಸಾಬುವಿಗೆ ಬಾಗಿಲು ತೆರೆದಿತ್ತು, ಒಳಗೆ ಎಲ್ಲಿ ಕೂರಬೇಕೆಂಬುದು ಮಾತ್ರ ಮೊದಲೇ ನಿಶ್ಚಯವಾಗಿತ್ತು.

ಪರದೆಯ ಹೊರಗಿನ ಸಾಬು ಬೇರೆಯೇ. 1944ರಲ್ಲಿ ಅವನು ಅಮೆರಿಕದ ಪೌರನಾದ. ಅಲ್ಲಿನ ವಾಯುಪಡೆ ಸೇರಿ ಬಾಂಬರ್ ವಿಮಾನದ ಬಂದೂಕುಗಾರನಾಗಿ ಪೆಸಿಫಿಕ್ ಯುದ್ಧದಲ್ಲಿ ಹಾರಾಡಿದ, ಶೌರ್ಯ ಪದಕ ಪಡೆದ. ಮರಳಿ ಬಂದ ಈ ಯೋಧನಿಗೆ ಚಿತ್ರರಂಗ ಮತ್ತೆ ಕೊಟ್ಟದ್ದು ಕಾಡಿನ ಕಥೆಗಳನ್ನೇ. ಅವಕಾಶಗಳು ಸೊರಗಿದವು. 1950ರ ದಶಕದ ಆರಂಭದಲ್ಲಿ ಲಂಡನ್ನಿನ ಸರ್ಕಸ್ಸಿನಲ್ಲಿ ಆನೆಗಳೊಂದಿಗೆ ಪ್ರದರ್ಶನ ನೀಡಿದ. ಮೆಹಬೂಬ್ ಖಾನ್ 'ಮದರ್ ಇಂಡಿಯಾ'ಕ್ಕೆ ಅವನನ್ನು ಆರಿಸಬಯಸಿದ್ದರು, ಅದು ಕೈಗೂಡಲಿಲ್ಲ. ಹುಟ್ಟಿದ ದೇಶದ ಒಂದು ಚಿತ್ರದಲ್ಲೂ ನಟಿಸದೆ 1963ರ ಡಿಸೆಂಬರ್ 2ರಂದು ಹೃದಯಾಘಾತದಿಂದ ತೀರಿಕೊಂಡಾಗ ಅವನಿಗೆ ಕೇವಲ 39 ವರ್ಷ.

ಕಾರಾಪುರದ ಬಳಿಯ ಕಾಕನಕೋಟೆ ಕಾಡು ಖೆಡ್ಡಾಕ್ಕೆ ಹೆಸರಾಗಿತ್ತು. 1971ರವರೆಗೂ ಅಲ್ಲಿ ಕಾಡಾನೆಗಳನ್ನು ಹಿಂಡು ಹಿಂಡಾಗಿ ಅಟ್ಟಿ ಹಿಡಿಯುತ್ತಿದ್ದರು. ಪಳಗಿದ ಆನೆಗೆ ಮುಂದೆ ಬಣ್ಣ, ಗಂಟೆ, ಜರತಾರಿ ಹೊದಿಕೆ. ಜನ ಕೈಮುಗಿಯುತ್ತಾರೆ. ಕಾಲಿನ ಸರಪಳಿ ಮಾತ್ರ ಹಾಗೇ ಇರುತ್ತದೆ. ಮೆಚ್ಚುಗೆಯಲ್ಲೂ ಇಂಥ ಸರಪಳಿ ಇರಬಲ್ಲದು. 'ನೀನು ನಮಗೆ ಬಹಳ ಇಷ್ಟ, ಆದರೆ ಹೀಗಿದ್ದರೆ ಮಾತ್ರ' ಎನ್ನುವ ಪ್ರೀತಿ ಅದು.

ಹಾಗಾದರೆ ಸಾಬು ಹೋಗಬಾರದಿತ್ತೇ? ಹಾಗೆನ್ನುವ ಹಕ್ಕು ನಮಗಿಲ್ಲ. ಅನಾಥ ಹುಡುಗ ಸಿಕ್ಕ ದಾರಿಯಲ್ಲಿ ನಡೆದ, ಕೊಟ್ಟ ಸಣ್ಣ ಪಾತ್ರವನ್ನು ತನ್ನ ನಗುವಿನಿಂದ, ಚುರುಕಿನಿಂದ ದೊಡ್ಡದು ಮಾಡಿದ. ವೇಷ ತೊಟ್ಟವನನ್ನು ದೂರುವುದು ಸುಲಭ. ಬೇರೆ ವೇಷವನ್ನೇ ಮುಂದಿಡದವರ ಮೇಲೂ, ಬೇರೇನನ್ನೂ ನೋಡಬಯಸದ ಪ್ರೇಕ್ಷಕರ ಮೇಲೂ ಹೊಣೆ ಹೆಚ್ಚಿನದು.

ಈ ಪ್ರೇಕ್ಷಕರು ದೂರದ ಊರಿನವರೇ ಆಗಬೇಕಿಲ್ಲ. ನಮ್ಮ ಚಿತ್ರಗಳಲ್ಲಿ ಮುಸ್ಲಿಮ್ ಪಾತ್ರ ಬಂದರೆ ಟೋಪಿ, ಗಡ್ಡ, ಮುರುಕು ಕನ್ನಡ ಬಹುಮಟ್ಟಿಗೆ ಖಚಿತ. ನಮ್ಮೊಡನೆ ಓದಿದ, ಅಚ್ಚ ಬಳ್ಳಾರಿ ಕನ್ನಡದಲ್ಲಿ ಜಗಳವಾಡುವ ಗೆಳೆಯ ಆ ಪರದೆಯ ಮೇಲೆ ಬರುವುದು ಅಪರೂಪ. ಇದರಿಂದ ನೋಯುವ ನಾವೂ ಅದನ್ನೇ ಮಾಡುತ್ತೇವೆ. ವಡ್ಡು, ತೋರಣಗಲ್ಲು ಸುತ್ತ ಉಕ್ಕಿನ ಕಾರ್ಖಾನೆ ಬೆಳೆದಂತೆ ಒಡಿಶಾ, ಬಿಹಾರ, ಬಂಗಾಳಗಳಿಂದ ದುಡಿಯುವವರು ಬಂದರು. ಅವರ ಮಾತು, ಊಟ, ಹಬ್ಬ ಬೇರೆ ಬೇರೆ. ನಾವು ಮಾತ್ರ ಅವರೆಲ್ಲರನ್ನೂ 'ಹಿಂದಿಯವರು' ಎಂಬ ಒಂದೇ ಅಂಗಿಯೊಳಗೆ ತುರುಕಿದ್ದೇವೆ. ಒಳ್ಳೆಯ ಕೆಲಸಗಾರರು ಎಂದು ಹೊಗಳುತ್ತೇವೆ, ಹೆಸರು ಕೇಳುವುದಿಲ್ಲ.

ಮನುಷ್ಯನನ್ನು ಗೌರವಿಸುವುದೆಂದರೆ ಅವನು ನಮ್ಮ ಎಣಿಕೆಗಿಂತ ಹೆಚ್ಚಿನವನಾಗಿರಬಹುದು ಎಂದು ಒಪ್ಪಿಕೊಳ್ಳುವುದು. ಸಾಬುವನ್ನು ಮೆಚ್ಚಿದ ಕೋಟಿ ಕಣ್ಣುಗಳಲ್ಲಿ ಇದನ್ನು ಒಪ್ಪಿದವು ಎಷ್ಟೋ? ನಾಳೆ ಬೆಳಿಗ್ಗೆ ಬಸ್ ನಿಲ್ದಾಣದಲ್ಲಿ ನಮ್ಮ ಪಕ್ಕ ನಿಲ್ಲುವ ಪರ ಊರಿನವನನ್ನು ನಾವು ಯಾವ ಕಣ್ಣಿನಿಂದ ನೋಡಲಿದ್ದೇವೆ?