ಕನಿಕರಕ್ಕೂ ಕಲಿಕೆ ಬೇಕು

ಯೌವನಸ್ಥರ ಆರಾಧನೆಯ ಸಂದೇಶ
ವಾಕ್ಯಭಾಗ: ಲೂಕ 10:25-37

ಕೂತ್ಕೊಳ್ಳಿ. ಬೈಬಲ್ ತೆಗೀರಿ, ಲೂಕನ ಸುವಾರ್ತೆ ಹತ್ತನೇ ಅಧ್ಯಾಯ. ಮೊಬೈಲ್‌ನಲ್ಲಿ ಓದೋರು ಮೊದಲು ನೋಟಿಫಿಕೇಶನ್ ಆಫ್ ಮಾಡಿ, ಆಮೇಲೆ ತೆಗೀರಿ.

ಕಳೆದ ಎರಡು ಶನಿವಾರ ನಮ್ಮ ಹಾಲ್‌ನಲ್ಲಿ ಏನು ನಡೀತು ಅಂತ ನಿಮಗೆ ಗೊತ್ತು. ನಮ್ಮ ಕಾಲೇಜು ವಿದ್ಯಾರ್ಥಿಗಳು ಪ್ರಥಮ ಚಿಕಿತ್ಸೆಯ ತರಬೇತಿ ತಗೊಂಡರು. ಬಿ.ಕಾಂ ಓದೋರು, ಎಂಜಿನಿಯರಿಂಗ್ ಓದೋರು, ರಾತ್ರಿ ಡೆಲಿವರಿ ಕೆಲಸ ಮಾಡಿ ಹಗಲು ಕ್ಲಾಸಿಗೆ ಹೋಗೋರು, ಎಲ್ಲರೂ ಇದ್ದರು. ನರ್ಸಿಂಗ್ ಸೇವೆಯಿಂದ ನಿವೃತ್ತರಾದ ಒಬ್ಬ ಸಹೋದರಿ ಕಲಿಸಿದರು. ಆರಾಧನೆ ನಡೆಯೋ ಇದೇ ಜಾಗದಲ್ಲಿ ಪ್ಲಾಸ್ಟಿಕ್ ಗೊಂಬೆಗಳು ಮಲಗಿದ್ದವು, ನಮ್ಮ ಮಕ್ಕಳು ಅವುಗಳ ಎದೆ ಒತ್ತುತ್ತಾ ಬೆವರ್ತಾ ಇದ್ದರು.

ಎರಡನೇ ಶನಿವಾರ ಒಬ್ಬ ತಮ್ಮ ಬಂದು ಕೇಳಿದ: "ಬ್ರದರ್, ನಾವು ದೈವಿಕ ಸ್ವಸ್ಥತೆಯನ್ನು ನಂಬೋರು. ಚರ್ಚ್‌ನಲ್ಲೇ ಸಿಪಿಆರ್ ಕಲಿಸಿದರೆ ಅದು ಅಪನಂಬಿಕೆ ಆಗಲ್ವಾ?" ಒಳ್ಳೇ ಪ್ರಶ್ನೆ. ಅದೇ ಪ್ರಶ್ನೆ ನಿಮ್ಮಲ್ಲಿ ಇನ್ನೂ ಹತ್ತು ಜನರ ಮನಸ್ಸಿನಲ್ಲಿ ಇರಬಹುದು. ಈವತ್ತಿನ ಸಂದೇಶ ಅದಕ್ಕೇ ಉತ್ತರ.

ಒಳ್ಳೆಯ ಸಮಾರ್ಯದವನ ಕಥೆ ಸಂಡೇ ಸ್ಕೂಲಿನಿಂದ ಕೇಳಿದ್ದೀರಿ. ಯೆರೂಸಲೇಮಿನಿಂದ ಯೆರಿಕೋವಿಗೆ ಹೋಗುವ ದಾರಿ ಅಂದರೆ ಸುಮಾರು ಒಂದು ಸಾವಿರ ಮೀಟರ್ ಇಳಿಜಾರು, ಕಲ್ಲುಬಂಡೆಗಳ ನಡುವೆ. ಕಳ್ಳರು ಒಬ್ಬನನ್ನು ಹೊಡೆದು ಬಿಟ್ಟುಹೋದರು. ಯಾಜಕನು ನೋಡಿದ, ಹೋದ. ಲೇವಿಯನು ನೋಡಿದ, ಹೋದ. ಸಮಾರ್ಯದವನೂ ನೋಡಿದ, ಆದರೆ ಅವನಿಗೆ ಕನಿಕರ ಹುಟ್ಟಿತು. ನಾವು ಸಾಮಾನ್ಯವಾಗಿ ಅಲ್ಲೇ ಕಣ್ಣೀರು ಒರೆಸಿಕೊಂಡು ಬೈಬಲ್ ಮುಚ್ಚಿಬಿಡ್ತೀವಿ. ಯೇಸು ಸ್ವಾಮಿ ಅಲ್ಲಿಗೆ ನಿಲ್ಲಿಸಲಿಲ್ಲ. ಮುಂದಿನ ಕ್ರಿಯಾಪದಗಳನ್ನು ಬೆರಳಿಟ್ಟು ಎಣಿಸಿ: ಹತ್ತಿರ ಬಂದ, ಗಾಯ ಕಟ್ಟಿದ, ಎಣ್ಣೆ ಮತ್ತು ದ್ರಾಕ್ಷಾರಸ ಹೊಯ್ದ, ತನ್ನ ಪಶುವಿನ ಮೇಲೆ ಕೂರಿಸಿದ, ಛತ್ರಕ್ಕೆ ಕರೆತಂದ, ಆರೈಕೆ ಮಾಡಿದ, ಛತ್ರದವನ ಕೈಗೆ ಹಣ ಕೊಟ್ಟು ಒಪ್ಪಿಸಿದ. ಕನಿಕರ ಒಂದೇ ಒಂದು ಮಾತು. ಉಳಿದದ್ದೆಲ್ಲಾ ಕೆಲಸ.

ಪ್ರಿಯರೇ, ಆ ಎಣ್ಣೆ, ದ್ರಾಕ್ಷಾರಸ ಎಲ್ಲಿಂದ ಬಂತು? ಆ ಕಾಡುದಾರಿಯಲ್ಲಿ ಮೆಡಿಕಲ್ ಸ್ಟೋರ್ ಇರಲಿಲ್ಲ. ಅದು ಅವನ ಚೀಲದಲ್ಲೇ ಇತ್ತು. ಗಾಯ ಕಟ್ಟೋದು ಹೇಗೆ ಅಂತ ಅವನ ಕೈಗೂ ಗೊತ್ತಿತ್ತು. ಗಾಯಗೊಂಡವನನ್ನು ನೋಡಿದ ಮೇಲೆ ಕಲಿಯಲು ಕೂತಿದ್ದರೆ ಅವನು ಸತ್ತೇ ಹೋಗ್ತಿದ್ದ. ಅಗತ್ಯ ಬರುವ ಮುಂಚೆಯೇ ಪ್ರೀತಿ ಸಿದ್ಧವಾಗಿರಬೇಕು. ಪಕ್ಕದವರಿಗೆ ಹೇಳಿ: "ನಿನ್ನ ಚೀಲದಲ್ಲಿ ಏನಿದೆ?"

ಹಾಗಂತ ನಾಳೆ ಯಾರಿಗಾದರೂ ಗಾಯ ಆದರೆ ಅಡುಗೆ ಎಣ್ಣೆ ತಗೊಂಡು ಓಡಬೇಡಿ! ಅವನು ಅವನ ಕಾಲದ ಒಳ್ಳೆಯ ತಿಳುವಳಿಕೆಯನ್ನು ಬಳಸಿದ. ನಾವು ನಮ್ಮ ಕಾಲದ್ದನ್ನು ಬಳಸಬೇಕು. ರಕ್ತ ಸುರಿಯುತ್ತಿದ್ದರೆ ಶುದ್ಧವಾದ ಬಟ್ಟೆ ಇಟ್ಟು ಗಟ್ಟಿಯಾಗಿ ಒತ್ತಿ ಹಿಡೀಬೇಕು, ಪದೇ ಪದೇ ತೆಗೆದು ನೋಡಬಾರದು. ಸುಟ್ಟರೆ ಪೇಸ್ಟು, ಇಂಕು, ಬೆಣ್ಣೆ ಯಾವುದೂ ಬೇಡ, 20 ನಿಮಿಷ ನಲ್ಲಿ ನೀರು ಹರಿಸಬೇಕು. ಹಾವು ಕಚ್ಚಿದರೆ ಸಿನಿಮಾದ ಹಾಗೆ ಕೊಯ್ದು ಹೀರಬಾರದು, ಬಿಗಿಯಾಗಿ ಕಟ್ಟಬಾರದು. ಕಚ್ಚಿದ ಕೈಕಾಲು ಅಲ್ಲಾಡದ ಹಾಗೆ ಇಟ್ಟು, ವಿಷಕ್ಕೆ ಪ್ರತಿವಿಷ ಇರುವ ಆಸ್ಪತ್ರೆಗೆ ಬೇಗ ಮುಟ್ಟಿಸಬೇಕು. ಪೇಸ್ಟು ಹಚ್ಚೋ ಅಜ್ಜಿಗೆ ಪ್ರೀತಿ ಕಡಿಮೆ ಇತ್ತಾ? ಇಲ್ಲ. ಅವಳ ಪ್ರೀತಿ ನಿಜ, ಆದರೆ ಆ ಸುಟ್ಟ ಚರ್ಮಕ್ಕೆ ಬೇಕಾಗಿದ್ದು ನೀರು.

ಈಗ ಆ ತಮ್ಮನ ಪ್ರಶ್ನೆಗೆ ಬರೋಣ. 2 ಅರಸುಗಳು ನಾಲ್ಕನೇ ಅಧ್ಯಾಯಕ್ಕೆ ತಿರುಗಿಸಿ. ಶೂನೇಮಿನ ತಾಯಿಯ ಮಗ ತೀರಿಹೋಗಿದ್ದಾನೆ. ಎಲೀಷನು ಮೊದಲು ಗೇಹಜಿಯ ಕೈಯಲ್ಲಿ ತನ್ನ ಕೋಲು ಕೊಟ್ಟು ಕಳಿಸಿದ. ಗೇಹಜಿ ಹೇಳಿದ್ದನ್ನೇ ಮಾಡಿದ, ಕೋಲನ್ನು ಹುಡುಗನ ಮುಖದ ಮೇಲಿಟ್ಟ. ಏನೂ ಆಗಲಿಲ್ಲ. ಆಮೇಲೆ ಎಲೀಷನೇ ಬಂದ. ಬಾಗಿಲು ಮುಚ್ಚಿದ, ಪ್ರಾರ್ಥಿಸಿದ. ಪ್ರಾರ್ಥಿಸಿ ಹೊರಗೆ ಹೋಗಿ ಕೂತನಾ? ಇಲ್ಲ. ಹುಡುಗನ ಮೇಲೆ ಬೋರಲು ಬಿದ್ದ, ಬಾಯಿಗೆ ಬಾಯಿ, ಕಣ್ಣಿಗೆ ಕಣ್ಣು, ಕೈಗೆ ಕೈ. ಮೈ ಬೆಚ್ಚಗಾಯಿತು. ಎದ್ದು ಓಡಾಡಿ ಮತ್ತೊಮ್ಮೆ ಬಾಗಿದ. ಹುಡುಗ ಏಳು ಸಾರಿ ಸೀನಿ ಕಣ್ಣು ತೆರೆದ. ಹಲ್ಲೆಲೂಯಾ!

ಕೆಲವರು ಇದನ್ನೇ ಮೊದಲ ಸಿಪಿಆರ್ ಅಂತಾರೆ. ನಾನು ಹಾಗೆ ಹೇಳಲ್ಲ. ಅದು ದೇವರ ಅದ್ಭುತ, ಅದನ್ನು ಅದ್ಭುತವಾಗಿಯೇ ಬಿಡಿ. ಆದರೆ ಒಂದು ವಿಷಯ ಗಮನಿಸಿ. ಪ್ರಾರ್ಥಿಸಿದ ಮನುಷ್ಯನೇ ತನ್ನ ಮೈಯನ್ನೂ ಕೊಟ್ಟ. ನಮ್ಮ ಕಾಲದಲ್ಲಿ ಕೋಲು ಕಳಿಸೋದು ತುಂಬಾ ಸುಲಭ. ಯಾರೋ ಕುಸಿದು ಬಿದ್ದರು ಅಂದ್ರೆ ಗ್ರೂಪಿನಲ್ಲಿ ಐವತ್ತು ಕೈಮುಗಿಯುವ ಇಮೋಜಿ ಬರುತ್ತೆ. ಪ್ರಾರ್ಥನೆ ಬೇಕು, ನಾವು ಎಣ್ಣೆ ಹಚ್ಚಿ ಪ್ರಾರ್ಥಿಸೋದನ್ನ ಎಂದೂ ನಿಲ್ಲಿಸಲ್ಲ. ಆದರೆ ಬಿದ್ದವನ ಪಕ್ಕದಲ್ಲೇ ನೀನು ನಿಂತಿರುವಾಗ ದೇವರು ಕೇಳೋದು ನಿನ್ನ ಇಮೋಜಿ ಅಲ್ಲ, ನಿನ್ನ ಎರಡು ಕೈ. ಬಾಯಿ ಪ್ರಾರ್ಥಿಸಲಿ, ಕೈ ಎದೆ ಒತ್ತಲಿ. ಎರಡಕ್ಕೂ ಜಗಳ ಇಲ್ಲ. ಸುವಾರ್ತೆ ಬರೆದ ಲೂಕನೇ ವೈದ್ಯ ಅಂತ ಕೊಲೊಸ್ಸೆ 4:14 ಹೇಳುತ್ತೆ. ಯಾಯೀರನ ಮಗಳನ್ನು ಎಬ್ಬಿಸಿದ ಮೇಲೆ ಯೇಸು ಸ್ವಾಮಿ ಅವಳಿಗೆ ಊಟ ಕೊಡಿ ಅಂದರು. ಅದ್ಭುತ ಮಾಡಿದವರೇ ಅನ್ನವನ್ನೂ ಮರೆಯಲಿಲ್ಲ.

ಇನ್ನೊಂದು ಮಾತು, ಸ್ವಲ್ಪ ಕಷ್ಟದ ಮಾತು. ನಮ್ಮಂಥ ಸಭೆಗಳಲ್ಲಿ ಪ್ರಾರ್ಥನೆಯ ಸಮಯದಲ್ಲಿ ಜನ ನೆಲಕ್ಕೆ ಬೀಳ್ತಾರೆ. ದೇವರಾತ್ಮನ ಕಾರ್ಯವನ್ನು ನಾನು ಅಲ್ಲಗಳೆಯಲ್ಲ. ಆದರೆ ಬಿದ್ದವರೆಲ್ಲಾ ಅಭಿಷೇಕದಿಂದಲೇ ಬಿದ್ದರು ಅಂತ ತಿಳಿಯಬೇಡಿ. ಉಪವಾಸದಲ್ಲಿ ಸಕ್ಕರೆ ಇಳಿದಿರಬಹುದು, ಹೃದಯ ನಿಂತಿರಬಹುದು. ಆದ್ದರಿಂದ ಇನ್ನು ಮೇಲೆ ಇಲ್ಲಿ ಯಾರೇ ಬಿದ್ದರೂ ತರಬೇತಿ ಪಡೆದ ಇಬ್ಬರು ಹತ್ತಿರ ಹೋಗಿ ಭುಜ ತಟ್ಟಿ ಕರೀತಾರೆ, ಎದೆ ಏರಿಳಿಯುತ್ತಾ ಅಂತ ನೋಡ್ತಾರೆ. ಇದರಿಂದ ಪವಿತ್ರಾತ್ಮನಿಗೆ ಅವಮಾನ ಆಗಲ್ಲ.

ಹಾಗೇ ಫಿಟ್ಸ್. ಮತ್ತಾಯ 4:24 ನೋಡಿ. ದೆವ್ವ ಹಿಡಿದವರು ಬೇರೆ, ಮೂರ್ಛಾರೋಗಿಗಳು ಬೇರೆ, ಬೇರೆ ಬೇರೆಯಾಗಿ ಬರೆದಿದೆ. ಯೇಸು ಎಲ್ಲರನ್ನೂ ವಾಸಿ ಮಾಡಿದರು, ಆದರೆ ಎಲ್ಲಕ್ಕೂ ಒಂದೇ ಹೆಸರು ಇಡಲಿಲ್ಲ. ಫಿಟ್ಸ್ ಬಂದ ಮಗುವಿನ ಮೇಲೆ ಕೂಗಾಡಬೇಡಿ, ಅದುಮಿ ಹಿಡಿಯಬೇಡಿ, ಕೈಗೆ ಕಬ್ಬಿಣ ಕೊಡಬೇಡಿ, ಬಾಯಿಗೆ ಚಮಚ ತುರುಕಬೇಡಿ. ಸುತ್ತಲಿನ ಕುರ್ಚಿ ಸರಿಸಿ, ತಲೆ ಕೆಳಗೆ ಮೆತ್ತನೆಯದು ಇಡಿ, ಗಡಿಯಾರ ನೋಡಿ. ನಡುಕ ನಿಂತ ಮೇಲೆ ಒಂದು ಮಗ್ಗುಲಿಗೆ ಹೊರಳಿಸಿ. ಐದು ನಿಮಿಷ ದಾಟಿದರೆ 108ಕ್ಕೆ ಕರೆ ಮಾಡಿ. ಎಚ್ಚರವಾದಾಗ ಆ ಮಗುವಿಗೆ ಸುತ್ತಲೂ ಹೆದರಿದ ಮುಖಗಳಲ್ಲ, ಪ್ರೀತಿಯ ಮುಖ ಕಾಣಲಿ.

ತರಬೇತಿ ಯಾಕೆ ಮುಂಚೆಯೇ ಬೇಕು ಅನ್ನೋದಕ್ಕೆ ಒಂದು ಚರಿತ್ರೆ. ಹೆನ್ರಿ ಡ್ಯುನಾಂಟ್ ಅಂತ ಜಿನೀವಾದ ಒಬ್ಬ ವಿಶ್ವಾಸಿ, ಅಲ್ಲಿ ವೈಎಂಸಿಎ ಶುರುಮಾಡಿದವರಲ್ಲಿ ಒಬ್ಬ. 1859ರ ಜೂನ್ 24ರಂದು ಇಟಲಿಯ ಸೋಲ್ಫೆರಿನೋದಲ್ಲಿ ಯುದ್ಧ ನಡೆದಾಗ ಅವನಿಗೆ 31 ವರ್ಷ. ಅವನು ಡಾಕ್ಟರ್ ಅಲ್ಲ, ವ್ಯಾಪಾರದ ಕೆಲಸಕ್ಕೆ ಹೋಗಿದ್ದವನು. ಸಾವಿರಾರು ಗಾಯಾಳುಗಳು ನೀರಿಲ್ಲದೆ, ಕಟ್ಟು ಇಲ್ಲದೆ ನರಳೋದನ್ನ ಕಂಡ. ಕಾಸ್ಟಿಲಿಯೋನೆ ಊರಿನ ಹೆಂಗಸರು ಯಾವ ಸೈನ್ಯದವನು ಅಂತ ನೋಡದೆ, ಎಲ್ಲರೂ ಸಹೋದರರೇ ಅನ್ನುತ್ತಾ ಸೇವೆ ಮಾಡಿದರು. ಅಲ್ಲಿ ಕನಿಕರಕ್ಕೆ ಕೊರತೆ ಇರಲಿಲ್ಲ. ಕಲಿತ ಕೈಗಳ ಕೊರತೆ ಇತ್ತು. 1862ರಲ್ಲಿ ಅವನು ಪುಸ್ತಕ ಬರೆದು ಕೇಳಿದ್ದು ಇದನ್ನೇ: ಶಾಂತಿಯ ಕಾಲದಲ್ಲೇ ಸ್ವಯಂಸೇವಕರನ್ನು ಸಿದ್ಧಮಾಡಬಾರದಾ? ಮುಂದಿನ ವರ್ಷವೇ ರೆಡ್ ಕ್ರಾಸ್ ಹುಟ್ಟಿತು. 1901ರಲ್ಲಿ ಮೊದಲ ನೊಬೆಲ್ ಶಾಂತಿ ಪ್ರಶಸ್ತಿ ಪಡೆದ ಇಬ್ಬರಲ್ಲಿ ಅವನೊಬ್ಬ. ಪ್ರಥಮ ಚಿಕಿತ್ಸೆ ಕಲಿಯುವ ವಿದ್ಯಾರ್ಥಿಗಳೇ, ನೀವು ಆ ಪ್ರಶ್ನೆಗೆ ಉತ್ತರ.

"ಬ್ರದರ್, ಸಹಾಯ ಮಾಡಿದರೆ ಪೊಲೀಸ್ ಕೇಸ್ ಆಗುತ್ತೆ" ಅನ್ನೋ ಭಯ ನಮ್ಮೂರಲ್ಲಿ ಇನ್ನೂ ಇದೆ. ಕೇಳಿಸಿಕೊಳ್ಳಿ. 2016ರಲ್ಲಿ ಸುಪ್ರೀಂ ಕೋರ್ಟ್ ರಸ್ತೆ ಅಪಘಾತದಲ್ಲಿ ನೆರವಾಗುವವರ ರಕ್ಷಣೆಯ ಮಾರ್ಗಸೂಚಿಗಳಿಗೆ ಕಾನೂನಿನ ಬಲ ಕೊಟ್ಟಿತು. 2019ರಲ್ಲಿ ಮೋಟಾರು ವಾಹನ ಕಾಯ್ದೆಗೆ 134ಎ ಸೆಕ್ಷನ್ ಸೇರಿತು. ಪ್ರತಿಫಲ ಬಯಸದೆ ಒಳ್ಳೇ ಮನಸ್ಸಿನಿಂದ ನೆರವಾದವನ ಮೇಲೆ ಕೇಸ್ ಹಾಕೋ ಹಾಗಿಲ್ಲ, ಹೆಸರು ಹೇಳು ಅಂತ ಬಲವಂತ ಮಾಡೋ ಹಾಗಿಲ್ಲ. ಆ ಸೆಕ್ಷನ್ನಿನ ತಲೆಬರಹ ಏನು ಗೊತ್ತಾ? ಗುಡ್ ಸಮಾರಿಟನ್. ನಮ್ಮ ದೇಶದ ಕಾನೂನು ಪುಸ್ತಕದಲ್ಲಿ ಯೇಸು ಸ್ವಾಮಿಯ ಕಥೆಯ ಹೆಸರಿದೆ. ಆ ಕಥೆಯನ್ನು ಪ್ರತಿ ವರ್ಷ ಓದುವ ನಾವು ಬೈಕ್ ನಿಲ್ಲಿಸದೆ ಹೋದರೆ ಹೇಗೆ?

ಈಗ ನಿಧಾನವಾಗಿ ಕೇಳಿ. ಸಿಪಿಆರ್ ಪಾಠ ಮುಗಿದ ಮೇಲೆ ಒಬ್ಬ ತಂಗಿ ಮೂಲೆಯಲ್ಲಿ ಅಳ್ತಾ ಕೂತಿದ್ದಳು. ಅವಳ ತಂದೆ ಮನೆಯಲ್ಲೇ ಕುಸಿದುಬಿದ್ದು ತೀರಿಹೋದರು. ಆಂಬುಲೆನ್ಸ್ ಟ್ರಾಫಿಕ್‌ನಲ್ಲಿ ಇತ್ತು, ಮನೆಯವರು ನೀರು ಚಿಮುಕಿಸುತ್ತಾ ಕರೀತಾ ಇದ್ದರು. "ಇದು ಆಗಲೇ ಗೊತ್ತಿದ್ದರೆ ಅಪ್ಪ ಬದುಕ್ತಿದ್ರಾ?" ಅಂತ ಕೇಳಿದಳು. ನಮ್ಮ ಟ್ರೈನರ್ ಸಹೋದರಿ ಅವಳ ಕೈ ಹಿಡಿದು ಹೇಳಿದರು: "ಮಗಳೇ, ಆಸ್ಪತ್ರೆಯೊಳಗೆ, ಡಾಕ್ಟರ ಮುಂದೆಯೇ ಎಷ್ಟೋ ಹೃದಯ ಮತ್ತೆ ಮಿಡಿಯಲ್ಲ. ಇದು ನಾವು ಕೊಡೋ ಒಂದು ಅವಕಾಶ ಅಷ್ಟೇ."

ಇಲ್ಲಿ ಎಷ್ಟೋ ಜನ ಇಂಥ ಭಾರ ಹೊತ್ತು ಕೂತಿದ್ದೀರಿ. ಕರ್ತನ ಸೇವಕನಾಗಿ ಹೇಳ್ತೀನಿ, ಗೊತ್ತಿಲ್ಲದೆ ಇದ್ದ ದಿನದ ಲೆಕ್ಕವನ್ನು ದೇವರು ನಿನ್ನ ತಲೆಗೆ ಕಟ್ಟಲ್ಲ. ನೀನು ಕರೆದೆ, ಅತ್ತೆ, ಬಿಟ್ಟು ಓಡಲಿಲ್ಲ. ಆತನು ಅದನ್ನು ನೋಡಿದ್ದಾನೆ. ನಿನ್ನೆಗೆ ಕೃಪೆ ಇದೆ. ಆದರೆ ನಾಳೆಗೆ ಹೊಣೆ ಇದೆ. ಒಳ್ಳೇದು ಮಾಡೋದು ಗೊತ್ತಿದ್ದೂ ಮಾಡದಿದ್ದರೆ ಅದು ಪಾಪ ಅಂತ ಯಾಕೋಬನು ನಾಲ್ಕನೇ ಅಧ್ಯಾಯದ ಕೊನೆಯಲ್ಲಿ ನಮಗೆ ಎಚ್ಚರಿಸ್ತಾನೆ. ಆ ತಂಗಿ ಕಣ್ಣೊರೆಸಿಕೊಂಡು ಎದ್ದು ಹೋಗಿ ಮತ್ತೆ ಗೊಂಬೆಯ ಪಕ್ಕ ಮಂಡಿಯೂರಿದಳು. ನನಗೆ ಅದು ಆರಾಧನೆಯ ಹಾಗೆ ಕಾಣಿಸಿತು.

ಕಲಿಯದವರಿಗೆ ಸಂಕ್ಷಿಪ್ತವಾಗಿ ಹೇಳ್ತೀನಿ. ಮೊದಲು ಜಾಗ ಸುರಕ್ಷಿತನಾ ನೋಡಿ. ಕರೆಂಟ್ ಹೊಡೆದಿದ್ದರೆ ಮೇನ್ ಆಫ್ ಮಾಡದೆ ಮುಟ್ಟಬೇಡಿ, ನೀವೂ ಬಿದ್ದರೆ ಪ್ರಯೋಜನ ಇಲ್ಲ. ತಟ್ಟಿ ಕರೆಯಿರಿ. ಎಚ್ಚರ ಇಲ್ಲ, ಸರಿಯಾದ ಉಸಿರಿಲ್ಲ ಅಂದರೆ 108 ಅಥವಾ 112ಕ್ಕೆ ಕರೆ ಮಾಡಿಸಿ. ಎದೆಯ ನಡುವೆ ಎರಡು ಕೈ ಇಟ್ಟು, ದೊಡ್ಡವರಿಗೆ 5ರಿಂದ 6 ಸೆಂಟಿಮೀಟರ್ ಆಳ, ನಿಮಿಷಕ್ಕೆ 100ರಿಂದ 120 ಸಾರಿ ಒತ್ತಿ. ಬಾಯಿಂದ ಉಸಿರು ಕೊಡಲು ಕಲಿತವರು 30 ಒತ್ತಿದ ಮೇಲೆ 2 ಉಸಿರು ಕೊಡಲಿ, ಕಲಿಯದವರು ಒತ್ತುತ್ತಲೇ ಇರಲಿ. ಕೆಲವೇ ನಿಮಿಷ ಆಮ್ಲಜನಕ ಸಿಗದಿದ್ದರೆ ಮೆದುಳಿಗೆ ಹಾನಿ ಶುರುವಾಗುತ್ತೆ. ಸಿಲ್ಕ್ ಬೋರ್ಡ್ ದಾಟಿ ಆಂಬುಲೆನ್ಸ್ ಬರೋವರೆಗೆ ಆ ನಿಮಿಷಗಳು ನಿಮ್ಮ ಕೈಯಲ್ಲಿವೆ.

ತರಬೇತಿಯಲ್ಲಿ ನಮ್ಮ ಜಿಮ್ ಹುಡುಗರಿಗೂ ಎರಡು ನಿಮಿಷಕ್ಕೆ ಕೈ ಸೋತುಹೋಯಿತು. ಅದಕ್ಕೇ ಎರಡು ನಿಮಿಷಕ್ಕೊಮ್ಮೆ ಇನ್ನೊಬ್ಬರು ಬರಬೇಕು. ವಿಮೋಚನಕಾಂಡ 17ರಲ್ಲಿ ಮೋಶೆಯ ಕೈ ಭಾರವಾದಾಗ ಆರೋನನೂ ಹೂರನೂ ಎರಡು ಕಡೆ ನಿಂತು ಹಿಡಿದರು. ಒಬ್ಬನೇ ಹೀರೋ ಆಗೋಕೆ ದೇವರು ಕರೆದಿಲ್ಲ. ಸಮಾರ್ಯದವನೂ ಕೊನೆಗೆ ಛತ್ರದವನಿಗೆ ಒಪ್ಪಿಸಿದ. ನೀವೂ ಡಾಕ್ಟರಿಗೆ ಒಪ್ಪಿಸಿ. ನಾವು ರಕ್ಷಕರಲ್ಲ, ರಕ್ಷಕನ ಕೈಗಳು ಅಷ್ಟೇ.

ಮುಂದಿನ ಬ್ಯಾಚ್ ಶುರುವಾಗುತ್ತೆ, ಹೆಸರು ಕೊಡಿ. ಕಲಿತವರು ಈ ವಾರ ಮನೆಯಲ್ಲಿ ಅಪ್ಪ ಅಮ್ಮನಿಗೆ, ಪಿಜಿಯಲ್ಲಿ ರೂಮ್‌ಮೇಟಿಗೆ ಒಂದಾದರೂ ವಿಷಯ ಕಲಿಸಿ. ಕರ್ತನು ಆ ಧರ್ಮೋಪದೇಶಕನಿಗೆ ಕೊನೆಗೆ ಹೇಳಿದ್ದು ಹೋಗಿ ಚರ್ಚೆ ಮಾಡು ಅಂತ ಅಲ್ಲ, ಹೋಗಿ ಮಾಡು ಅಂತ.

ಎದ್ದು ನಿಲ್ಲೋಣ. ಎರಡೂ ಕೈ ಮುಂದೆ ಚಾಚಿ.

ಪರಲೋಕದ ತಂದೆಯೇ, ಈ ಕೈಗಳನ್ನು ನಿನಗೆ ಒಪ್ಪಿಸುತ್ತೇವೆ. ಇವುಗಳಿಗೆ ಕಲಿಸು. ಬೀದಿಯಲ್ಲಿ, ಬಸ್ಸಿನಲ್ಲಿ, ಕಾಲೇಜಿನಲ್ಲಿ ಯಾರಾದರೂ ಬಿದ್ದಾಗ ಅವರ ಜಾತಿ, ಭಾಷೆ, ಧರ್ಮ ಕೇಳದೆ ಹತ್ತಿರ ಹೋಗುವ ಧೈರ್ಯ ಕೊಡು. ಕಳೆದುಕೊಂಡವರ ನೋವಿನ ಭಾರವನ್ನು ಇಳಿಸು, ಅವರನ್ನು ಸಂತೈಸು. ಪ್ರಾಣ ಕೊಡುವವನು ನೀನೇ, ಆ ಕೆಲಸದಲ್ಲಿ ನಮ್ಮನ್ನೂ ಬಳಸು. ಯೇಸುವಿನ ನಾಮದಲ್ಲಿ ಬೇಡುತ್ತೇವೆ, ತಂದೆಯೇ. ಆಮೆನ್.