ಬೆಟ್ಟಕ್ಕೂ ಒಂದು ಋತುಚರ್ಯೆ

ಮಕ್ಕಳ ಪರೀಕ್ಷೆ ಮುಗಿದು ಬಿಸಿಲು ಏರತೊಡಗಿತೆಂದರೆ ಹೇಮಾವತಿ, ಅಮರಾಪುರ, ಮಡಕಶಿರಾ ಕಡೆಯ ಮನೆಗಳಲ್ಲಿ ಒಂದು ಮಾತು ಏಳುತ್ತದೆ: ಈ ಸಲ ಚಿಕ್ಕಮಗಳೂರಿಗೆ ಹೋಗಿಬರೋಣ. ಸಹಜವೇ. ಅನಂತಪುರ ಸೀಮೆಗೆ ಬೀಳುವ ಮಳೆ ವರ್ಷಕ್ಕೆ ಸುಮಾರು 550 ಮಿಲಿಮೀಟರ್. ನೊಳಂಬರು ಹೆಂಜೇರು ಎಂದು ಕರೆದು ರಾಜ್ಯವಾಳಿದ ಈ ಹೇಮಾವತಿಯಲ್ಲಿ ಕರಿಗಲ್ಲಿನ ಕಂಬಗಳಿವೆ, ಸಿದ್ಧೇಶ್ವರನಿದ್ದಾನೆ, ಕಡಲೆಕಾಯಿ ಹೊಲಗಳಿವೆ. ಮಂಜು ಮಾತ್ರ ಇಲ್ಲ. ಹಾಗಾಗಿ ಗಾಡಿ ಗೊತ್ತುಮಾಡಿ, ಪುಳಿಯೋಗರೆ ಕಟ್ಟಿಕೊಂಡು, ಹಿರಿಯೂರು, ಹೊಸದುರ್ಗ, ಕಡೂರು ದಾಟಿ ಹೋಗುತ್ತೇವೆ. 1,900 ಮೀಟರಿಗೂ ಎತ್ತರದ ಮುಳ್ಳಯ್ಯನಗಿರಿ ಹತ್ತಿ, ಫೋಟೋ ತೆಗೆದು, ಕತ್ತಲಾಗುವ ಮೊದಲು ಇಳಿಯುತ್ತೇವೆ. ಬೆಟ್ಟ ನೋಡಿದ್ದಾಯಿತು ಎನ್ನುತ್ತೇವೆ. ನಿಜಕ್ಕೂ ನಾವು ನೋಡಿದ್ದು ಬೆಟ್ಟದ ಒಂದು ಹಗಲನ್ನು.

ಅಲ್ಲೇ ಮನೆ ಮಾಡಿಕೊಂಡಿರುವವರ ಲೆಕ್ಕ ಬೇರೆ. ಅವರ ವರ್ಷ ತೋಟದಿಂದ ಶುರುವಾಗುತ್ತದೆ. ಫೆಬ್ರವರಿ, ಮಾರ್ಚಿನಲ್ಲಿ ಹೂಮಳೆಗಾಗಿ ಕಾಯುತ್ತಾರೆ. ಅದು ಬಿದ್ದು ಎಂಟೊಂಬತ್ತು ದಿನಕ್ಕೆ ಗುಡ್ಡದ ಮೇಲಿನ ಕಾಫಿ ಗಿಡಗಳೆಲ್ಲ ಒಟ್ಟಿಗೇ ಬೆಳ್ಳಗೆ ಅರಳುತ್ತವೆ. ಆ ಪರಿಮಳ ಇರುವುದು ಮೂರು ನಾಲ್ಕು ದಿನ. ಅರಳಿದ ದಿನವೇ ಮತ್ತೆ ಮಳೆ ಸುರಿದರೆ ಕಾಯಿ ಕಟ್ಟುವುದು ಕಡಿಮೆ. ಪ್ರವಾಸಿ ಮಳೆಯಲ್ಲಿ ಕುಣಿಯುವ ಹೊತ್ತಿಗೆ ತೋಟದ ಯಜಮಾನ ಆಕಾಶ ನೋಡುತ್ತ ನಿಂತಿರುತ್ತಾನೆ. ಜೂನ್ ಬಂದರೆ ಮುಂಗಾರು. ಆರಿದ್ರೆ, ಪುನರ್ವಸು, ಪುಷ್ಯ ಎಂದು ನಕ್ಷತ್ರದ ಹೆಸರು ಹಿಡಿದು ಸುರಿಯುವ ಮಳೆ, ವಾರಗಟ್ಟಲೆ ಒಣಗದ ಬಟ್ಟೆ, ಹೊಗೆಯಾಡುವ ಬಚ್ಚಲೊಲೆ. ಬೇಸಿಗೆಯಲ್ಲಿ ಒಣಗಿಸಿಟ್ಟ ಹಲಸಿನ ಹಪ್ಪಳ ಡಬ್ಬದಿಂದ ಹೊರಗೆ ಬರುತ್ತದೆ. ಕೆಸುವಿನ ಎಲೆ ಸಿಕ್ಕಿದ ದಿನ ಪತ್ರೊಡೆ. ನವೆಂಬರಿನಿಂದ ಅರೇಬಿಕಾ ಕೊಯ್ಲು. ಬಯಲುಸೀಮೆಯ ಊರುಗಳಿಂದ ಕೆಲಸಕ್ಕೆ ಬಂದ ಗಂಡಸರು ಹೆಂಗಸರು ಚಳಿಗೆ ತಲೆಗೆ ಬಟ್ಟೆ ಸುತ್ತಿಕೊಂಡು ಕೆಂಪು ಹಣ್ಣು ಬಿಡಿಸುತ್ತಾರೆ, ಕಣದಲ್ಲಿ ಹರಡುತ್ತಾರೆ. ನಾವು ರಜೆಗೆಂದು ಹೋಗುವ ಬೆಟ್ಟಕ್ಕೆ ನಮ್ಮಂಥ ಒಣಸೀಮೆಯವರೇ ದುಡಿಮೆಗೆ ಹೋಗುತ್ತಾರೆ ಎಂಬುದನ್ನು ಗಾಡಿಯ ಕಿಟಕಿಯಿಂದ ನೋಡುವಾಗ ನೆನೆಯಬೇಕು.

ವಾಗ್ಭಟನ ಆಯುರ್ವೇದ ಗ್ರಂಥ ಅಷ್ಟಾಂಗಹೃದಯದಲ್ಲಿ ಋತುಚರ್ಯೆಗೆಂದೇ ಒಂದು ಅಧ್ಯಾಯವಿದೆ. ಯಾವ ಕಾಲದಲ್ಲಿ ಏನು ಉಣ್ಣಬೇಕು, ಹೇಗಿರಬೇಕು ಎಂಬ ವಿಚಾರ. ದೇಹಕ್ಕೆ ಸಲ್ಲುವ ಈ ವಿವೇಕ ಬೆಟ್ಟಕ್ಕೂ ಸಲ್ಲುತ್ತದೆಂದು ಬಿಂಡಿಗದ ದೇವೀರಮ್ಮನ ಭಕ್ತರನ್ನು ನೋಡಿದರೆ ಅನ್ನಿಸುತ್ತದೆ. ಚಿಕ್ಕಮಗಳೂರಿಗೆ ಹತ್ತಿರದ ಆ ಕಡಿದಾದ ಬೆಟ್ಟವನ್ನು ಜನ ಹತ್ತುವುದು ದೀಪಾವಳಿಯ ನರಕ ಚತುರ್ದಶಿಯ ಹೊತ್ತಿಗೆ. ಸಾವಿರಾರು ಮಂದಿ, ರಾತ್ರಿಯಿಡೀ, ಬಹಳಷ್ಟು ಜನ ಬರಿಗಾಲಲ್ಲಿ. ವರ್ಷದ ಉಳಿದ ಕಾಲವೆಲ್ಲ ಬೆಟ್ಟ ತನ್ನ ಪಾಡಿಗೆ ತಾನಿರುತ್ತದೆ. ಕಾದು ಹತ್ತಿದವರ ಮುಖದಲ್ಲಿ ಸಂತೋಷ ಕಡಿಮೆಯೇನೂ ಇರುವುದಿಲ್ಲ. ನನ್ನ ಮಟ್ಟಿಗೆ ಹೆಚ್ಚೇ ಇರುತ್ತದೆ. ಮುಳ್ಳಯ್ಯನಗಿರಿ ಕಡೆಗೆ ಹೋಗುವ ವಾಹನಗಳಿಗೆ ಜಿಲ್ಲಾಡಳಿತ ಈಚೆಗೆ ಮಿತಿ ಹಾಕಿದಾಗ ಗೊಣಗಿದವರು ಉಂಟು. ನನಗೆ ಅದು ತಡವಾಗಿ ಬಂದ ಒಳ್ಳೆಯ ಬುದ್ಧಿ ಎನ್ನಿಸಿತು.

ಇದರಲ್ಲಿ ನಮ್ಮ ಸ್ವಾರ್ಥವೂ ಇದೆ, ಹೇಳಿಬಿಡುತ್ತೇನೆ. ಆ ಗಿರಿಗಳ ನೆತ್ತಿಯ ಹುಲ್ಲು, ಕಣಿವೆಯ ಶೋಲಾ ಕಾಡು ಮಳೆನೀರನ್ನು ಸ್ಪಂಜಿನಂತೆ ಹೀರಿ, ಮಳೆ ನಿಂತ ಮೇಲೂ ತಿಂಗಳುಗಟ್ಟಲೆ ಹನಿಹನಿಯಾಗಿ ಬಿಡುತ್ತವೆ. ಪೂರ್ವದ ಇಳಿಜಾರಿನಲ್ಲಿ ಹುಟ್ಟುವ ವೇದಾ, ಆವತಿ ಕೂಡಿ ವೇದಾವತಿಯಾಗುತ್ತದೆ. 1907ರಲ್ಲಿ ಮುಗಿದ ವಾಣಿವಿಲಾಸ ಸಾಗರದಲ್ಲಿ ತಂಗಿ, ಹಿರಿಯೂರು, ಚಳ್ಳಕೆರೆ ಸೀಮೆ ಹಾದು, ನಮ್ಮ ರಾಯದುರ್ಗದ ಕಡೆ ಹಗರಿ ಎನ್ನಿಸಿಕೊಂಡು ಭೈರವಾನಿತಿಪ್ಪದ ಅಣೆಕಟ್ಟಿಗೆ ಬರುತ್ತದೆ. ಬರುವುದು ಅಪರೂಪ. 1933ರಲ್ಲಿ ಕೋಡಿ ಬಿದ್ದಿದ್ದ ವಾಣಿವಿಲಾಸ ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ. ಅಷ್ಟು ಕಷ್ಟಪಟ್ಟು ಇಳಿಯುವ ನೀರಿನ ಮೂಲದ ಹುಲ್ಲಿನ ಮೇಲೆ ಗಾಡಿ ಹತ್ತಿಸುವುದು, ಬಾಟಲಿ ಎಸೆಯುವುದು ಬೇರೆಯವರಿಗಿಂತ ನಮಗೆ ಹೆಚ್ಚು ನೋಯಬೇಕು. ಹೋಗುವವರು ಹೋಗಿ. ಶನಿವಾರ, ಭಾನುವಾರ ಬಿಟ್ಟು ವಾರದ ನಡುವೆ ಹೋಗಿ. ಐದು ಜಾಗ ಮುಟ್ಟುವ ಬದಲು ಒಂದೇ ಊರಿನಲ್ಲಿ ಎರಡು ರಾತ್ರಿ ಉಳಿಯಿರಿ. ಒಯ್ದ ಪ್ಲಾಸ್ಟಿಕ್ಕನ್ನು ಗಾಡಿಯಲ್ಲೇ ವಾಪಸು ತನ್ನಿ. ಉಳಿದುಕೊಂಡ ಮನೆಯ ಅಮ್ಮನನ್ನು ಮಳೆ ಹೇಗಾಯಿತು, ಹೂ ಕಟ್ಟಿತೇ ಎಂದು ವಿಚಾರಿಸಿ. ಮುಂದಿನ ಸಲ ಯಾವ ತಿಂಗಳು ಬಂದರೆ ನಿಮಗೆ ಅನುಕೂಲ ಎಂದೂ ಕೇಳಿ.